ಕಲ್ಲಿನ ಹುಟ್ಟು ಕೇಳುವುದು ಹೇಗೆ? ನಮ್ಮೂರ ಬಾವಿಯಿಂದ ಮಲ್ಪೆಯ ದ್ವೀಪದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹಿರಿಯಡ್ಕದ ಹತ್ತಿರ ನಮ್ಮ ಮನೆಗೆ ಬಾವಿ ತೋಡಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಮೇಲಿನ ಮಣ್ಣು ತೆಗೆದ ಕೂಡಲೇ ಕೆಂಪು ಮುರಕಲ್ಲು ಬಂತು. ಅದು ಪಿಕ್ಕಾಸಿಗೆ ಬಗ್ಗುವ ಕಲ್ಲು. ಒಂದಷ್ಟು ದಿನ ತೋಡಿದ ಮೇಲೆ ಬಣ್ಣವೇ ಬದಲಾಯಿತು. ಬಿಳಿ, ನಸುಗೆಂಪು, ಅಲ್ಲಲ್ಲಿ ನೇರಳೆ ಮಿಶ್ರವಾದ ಶೇಡಿ ಮಣ್ಣು. ಒದ್ದೆಯಿದ್ದಾಗ ಹಿಡಿದರೆ ಸೋಪಿನ ಹಾಗೆ ಜಾರುತ್ತಿತ್ತು. ಅದರ ಕೆಳಗೆ ಕೊಳೆತ ಕಲ್ಲು. ನೋಡಲು ಕಲ್ಲೇ, ಗೆರೆಗಳೂ ಇವೆ, ಆದರೆ ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಕೊನೆಗೊಂದು ಮಧ್ಯಾಹ್ನ ಕೆಳಗಿನಿಂದ "ಪಾದೆ ಬತ್ತ್ಂಡ್" ಎಂದು ಕೂಗು ಕೇಳಿತು. ಅಪ್ಪನ ಮುಖ ಸಪ್ಪಗಾಯಿತು. ತುಳುವಿನಲ್ಲಿ ಪಾದೆ ಅಂದರೆ ಗಟ್ಟಿ ಬಂಡೆ. ಅದು ಬಂತೆಂದರೆ ಖರ್ಚು ದುಪ್ಪಟ್ಟು.

ಆ ದಿನ ನಾಲ್ಕು ರಾಶಿಗಳು ಅಂಗಳದಲ್ಲಿದ್ದವು. ನಾನು ಅವುಗಳನ್ನು ನಾಲ್ಕು ಬೇರೆ ಬೇರೆ ವಸ್ತು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ ತಿಳಿಯಿತು: ನಾಲ್ಕೂ ಒಂದೇ ಕಲ್ಲು! ತಳದ ಪಾದೆಯೇ ಮಳೆನೀರಿನಲ್ಲಿ ಕೊಳೆತು, ಶೇಡಿಯಾಗಿ, ಮೇಲೆ ಮುರಕಲ್ಲಾಗಿ ನಿಂತಿತ್ತು. ಅವತ್ತಿನಿಂದ ನಾನು ಕಲ್ಲಿನ ಬಣ್ಣ ನೋಡಿ ಹೆಸರು ಹೇಳುವುದನ್ನು ಬಿಟ್ಟೆ. ಕಲ್ಲಿಗೆ ಹೆಸರಿಡುವುದು ಅಂದರೆ ಅದು ಹುಟ್ಟಿದ್ದು ಹೇಗೆ ಎಂದು ಕೇಳುವುದು. ಹೇಗೆ ಕೇಳಬೇಕು ಎನ್ನುವುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಇದಕ್ಕೆ ಲ್ಯಾಬ್ ಬೇಡ. ಉಡುಪಿ, ಮಂಗಳೂರಿನ ಸುತ್ತ ಓಡಾಡಿದರೆ ಸಾಕು.

ಹಂತ 1: ಚೀಲದಲ್ಲಿ ಏನೇನು ಇರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಲೆನ್ಸ್. ಚಿನ್ನದ ಕೆಲಸದವರು ಬಳಸುವಂಥದ್ದು. ಇದೊಂದಕ್ಕೆ ಮಾತ್ರ ದುಡ್ಡು ಹಾಕಿ, ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ. ಒಂದು ಕಬ್ಬಿಣದ ಮೊಳೆ, ದಪ್ಪ ಗಾಜಿನ ತುಂಡು, ಅಯಸ್ಕಾಂತ, ಸಣ್ಣ ಬಾಟಲಿಯಲ್ಲಿ ವಿನೆಗರ್, ಒಂದು ಬಾಟಲಿ ನೀರು, ನೋಟ್‌ಬುಕ್. ಜೊತೆಗೆ ನೆಲಕ್ಕೆ ಹಾಕುವ ಟೈಲಿನ ಒಂದು ಚೂರು. ಅದರ ಹೊಳೆಯದ ಹಿಂಬದಿ ನಮಗೆ ಬೇಕು.

ಸುತ್ತಿಗೆ ಒಯ್ಯುವುದಾದರೆ ಕಣ್ಣಿಗೆ ಕನ್ನಡಕ ಕಡ್ಡಾಯ. ಕಲ್ಲಿನ ಚೂರು ಎತ್ತ ಹಾರುತ್ತದೆ ಎಂದು ಹೇಳಲಾಗದು. ದೇವಸ್ಥಾನ, ಬಸದಿ, ಕೋಟೆ, ದ್ವೀಪ, ಇಂಥ ಕಡೆ ಸುತ್ತಿಗೆ ಚೀಲದಿಂದ ಹೊರಗೆ ಬರಲೇಬಾರದು.

ಹಂತ 2: ಈ ಕಲ್ಲು ಇಲ್ಲಿಯದೇನಾ?

ಎಲ್ಲರೂ ಮರೆಯುವ ಪ್ರಶ್ನೆ ಇದು. ಕಡಲ ತೀರದಲ್ಲಿ ದೊಡ್ಡ ಬಂಡೆಗಳ ಸಾಲು ಕಾಣುತ್ತದೆ. ಅವು ಸಮುದ್ರದ ಕಲ್ಲೇ ಎಂದುಕೊಂಡರೆ ತಪ್ಪಾಗಬಹುದು. ಕಡಲ್ಕೊರೆತ ತಡೆಯಲು ಹಾಕುವ ಕಲ್ಲು ಒಳನಾಡಿನ ಕೋರೆಯಿಂದ ಲಾರಿಯಲ್ಲಿ ಬರುತ್ತದೆ. ಚೂಪು ಅಂಚು, ಸಾಲಾಗಿ ಪೇರಿಸಿದ ರೀತಿ ನೋಡಿದರೆ ಗೊತ್ತಾಗುತ್ತದೆ.

ನೆಲದಿಂದಲೇ ಎದ್ದು ಬಂದ, ಅಲುಗದ ಪಾದೆ ಸಿಕ್ಕಿದರೆ ಅದು ಅಲ್ಲಿಯದೇ ಕಲ್ಲು. ಕಾಪುವಿನ ದೀಪಸ್ತಂಭ 1901ರಿಂದ ಅಂಥ ಬಂಡೆಯ ಮೇಲೆ ನಿಂತಿದೆ. ಹೊಳೆಯಲ್ಲಿ ಸಿಗುವ ನುಣುಪು ಗುಂಡುಕಲ್ಲು ಘಟ್ಟದಿಂದ ಉರುಳಿ ಬಂದ ಪ್ರಯಾಣಿಕ. ಅದೂ ಉಪಯೋಗಕ್ಕೆ ಬರುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ 'ಹೊಳೆಯ ಕಲ್ಲು' ಎಂದು ಬರೆದುಕೊಳ್ಳಿ.

ಹಂತ 3: ಹೊಸ ಮುಖ ನೋಡಿ

ನಮ್ಮೂರಿನ ಮಳೆಯಲ್ಲಿ ಎಲ್ಲ ಕಲ್ಲೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಪಾಚಿ ಹಿಡಿದು ಕಪ್ಪು, ಇಲ್ಲವೇ ಕಬ್ಬಿಣದ ಕಿಲುಬಿನಿಂದ ಕಂದು. ಆ ಸಿಪ್ಪೆಯ ಒಳಗೆ ಏನಿದೆ ಎನ್ನುವುದು ಮುಖ್ಯ. ಒಡೆದ ಜಾಗ ಹುಡುಕಿ. ರಸ್ತೆಗೆ ಹಾಕಿದ ಜಲ್ಲಿ, ಕಲ್ಲು ಕೆತ್ತುವವರ ಶೆಡ್ಡಿನ ಹೊರಗೆ ಬಿದ್ದ ಚಕ್ಕೆ, ಇವು ಕಲಿಯುವವರಿಗೆ ಚಿನ್ನ ಇದ್ದ ಹಾಗೆ. ಕೇಳಿದರೆ ಸಂತೋಷದಿಂದಲೇ ಕೊಡುತ್ತಾರೆ. ಹೊಸ ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿ, ಆಮೇಲೆ ಲೆನ್ಸ್ ಹಿಡಿಯಿರಿ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಕಲ್ಲನ್ನು ಕಣ್ಣಿನ ಕಡೆಗೆ ತನ್ನಿ. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ, ಏನೂ ಕಾಣಲಿಲ್ಲ ಎನ್ನುತ್ತಾರೆ.

ಹಂತ 4: ಕಾಳುಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ?

ಇಡೀ ವಿಷಯದಲ್ಲಿ ಒಂದೇ ಒಂದು ಹಂತ ನೆನಪಿಡಬೇಕು ಎಂದರೆ ಇದನ್ನೇ ಇಟ್ಟುಕೊಳ್ಳಿ. ಅಗ್ನಿಶಿಲೆ, ಪದರು ಶಿಲೆ, ರೂಪಾಂತರ ಶಿಲೆ ಎಂಬ ಮೂರು ಕುಲಗಳನ್ನು ಶಾಲೆಯಲ್ಲಿ ಎಲ್ಲರೂ ಕಂಠಪಾಠ ಮಾಡಿರುತ್ತೇವೆ. ಆದರೆ ಕೈಗೊಂದು ಕಲ್ಲು ಕೊಟ್ಟು ಇದು ಯಾವುದು ಎಂದರೆ ಬಾಯಿ ಕಟ್ಟುತ್ತದೆ. ಯಾಕೆಂದರೆ ಎಲ್ಲಿ ನೋಡಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಕಾಳು ಮತ್ತು ಕಾಳಿನ ನಡುವಿನ ಸಂದಿ ನೋಡಬೇಕು.

ಅಡುಗೆಮನೆಯಿಂದ ಮೂರು ವಸ್ತು ತನ್ನಿ: ಕಲ್ಲುಸಕ್ಕರೆ, ಎಳ್ಳುಂಡೆ, ಅವಲಕ್ಕಿ.

ಕಲ್ಲುಸಕ್ಕರೆ ಗಟ್ಟಿಯನ್ನು ಮುರಿದು ನೋಡಿ. ಹರಳುಗಳು ಒಂದರೊಳಗೊಂದು ಬೆಳೆದು ಕಚ್ಚಿಕೊಂಡಿವೆ. ನಡುವೆ ಅಂಟು ಇಲ್ಲ, ಖಾಲಿ ಜಾಗವೂ ಇಲ್ಲ. ದ್ರವ ತಣ್ಣಗಾಗುತ್ತ ಹರಳುಗಟ್ಟಿದರೆ ಹೀಗೆ ಆಗುತ್ತದೆ. ಅಗ್ನಿಶಿಲೆಯ ಗುರುತು ಇದೇ.

ಎಳ್ಳುಂಡೆಯಲ್ಲಿ ಪ್ರತಿ ಎಳ್ಳೂ ತನ್ನ ಪಾಡಿಗೆ ಇದೆ. ಅವನ್ನು ಬೆಲ್ಲ ಹಿಡಿದುಕೊಂಡಿದೆ. ಮರಳುಗಲ್ಲೂ ಹಾಗೆಯೇ. ಎಲ್ಲೋ ಒಡೆದ ಕಲ್ಲಿನ ಕಣಗಳು ನೀರು, ಗಾಳಿಯ ಜೊತೆ ಬಂದು ಒಂದೆಡೆ ಕೂರುತ್ತವೆ. ಮೇಲೆ ಭಾರ ಬೀಳುತ್ತದೆ. ಸಂದಿಗಳಲ್ಲಿ ಹರಿಯುವ ನೀರು ಸುಣ್ಣ, ಸಿಲಿಕಾ (ಮರಳಿನ ಮುಖ್ಯ ವಸ್ತು) ಅಥವಾ ಕಬ್ಬಿಣದ ಅಂಟನ್ನು ಬಿಟ್ಟು ಹೋಗುತ್ತದೆ. ಪದರು ಶಿಲೆ ಹೆಚ್ಚಾಗಿ ಹೀಗೆ ಹುಟ್ಟುತ್ತದೆ.

ಇನ್ನು ಒಂದು ಹಿಡಿ ಅವಲಕ್ಕಿಯನ್ನು ಎರಡು ಅಂಗೈ ನಡುವೆ ಒತ್ತಿ. ಚಪ್ಪಟೆ ಚೂರುಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಭೂಮಿಯ ಆಳದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕ ಕಲ್ಲಿನಲ್ಲಿ ಅಭ್ರಕದಂಥ ಖನಿಜಗಳು ಹೀಗೇ ಸಾಲುಗಟ್ಟುತ್ತವೆ. ಕಲ್ಲು ಕರಗುವುದಿಲ್ಲ. ಗಟ್ಟಿಯಾಗಿರುವಾಗಲೇ ಒಳಗಿನ ಹರಳುಗಳು ಬದಲಾಗುತ್ತವೆ. ಗೆರೆ ಗೆರೆಯಾಗಿ ಕಾಣುವ ರೂಪಾಂತರ ಶಿಲೆ ಇದು.

ಹೊರಗಿನ ಗೆರೆ ನೋಡಿ ಮೋಸ ಹೋಗಬೇಡಿ. ಪದರು ಶಿಲೆಗೂ ಗೆರೆ ಇರುತ್ತದೆ, ರೂಪಾಂತರ ಶಿಲೆಗೂ ಇರುತ್ತದೆ. ಗೆರೆಯ ಒಳಗೆ ಲೆನ್ಸ್ ಹಿಡಿದು ಕೇಳಿ: ಎಳ್ಳುಂಡೆಯೋ, ಕಚ್ಚಿಕೊಂಡ ಹರಳೋ?

ಹಂತ 5: ಖನಿಜಗಳ ಪರಿಚಯ ಮಾಡಿಕೊಳ್ಳಿ

ಸಾವಿರಾರು ಖನಿಜಗಳಿವೆ. ನಮ್ಮ ಕಡೆಗೆ ಐದಾರು ಗೊತ್ತಿದ್ದರೆ ಸಾಕು.

ಬೆಣಚು, ಅಂದರೆ ಕ್ವಾರ್ಟ್ಜ್, ಮುರಿದ ಗಾಜಿನ ಹಾಗೆ ಕಾಣುತ್ತದೆ. ನಿರ್ದಿಷ್ಟ ಮುಖವಿಲ್ಲದೆ ಒಡೆಯುತ್ತದೆ. ಗಾಜನ್ನು ಗೀರುತ್ತದೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ, 1ರಿಂದ 10ರವರೆಗಿನ ಗಡಸುತನದ ಅಳತೆಯಲ್ಲಿ ಇದಕ್ಕೆ 7. ಫೆಲ್ಡ್‌ಸ್ಪಾರ್‌ಗೆ 6. ಅದು ಬಿಳಿ ಅಥವಾ ನಸುಗೆಂಪು. ಕಲ್ಲನ್ನು ಬಿಸಿಲಿನಲ್ಲಿ ಅತ್ತಿತ್ತ ತಿರುಗಿಸಿದರೆ ಸಣ್ಣ ಕನ್ನಡಿಯ ಹಾಗೆ ಚಪ್ಪಟೆ ಮುಖ ಫಳ್ ಎನ್ನುತ್ತದೆ. ಬೆಣಚು ಹಾಗೆ ಹೊಳೆಯುವುದಿಲ್ಲ. ಇವೆರಡನ್ನು ಬೇರೆ ಮಾಡಲು ಕಲಿಯುವುದಕ್ಕೆ ಒಂದು ವಾರ ಹಿಡಿಯಬಹುದು. ಹಿಡಿಯಲಿ. ಆಮೇಲೆ ಎಲ್ಲವೂ ಸುಲಭ.

ಅಭ್ರಕ ಎಲ್ಲರಿಗೂ ಗೊತ್ತು. ಚಿಕ್ಕವರಿದ್ದಾಗ ಕಾಗೆಬಂಗಾರ ಎಂದು ಆರಿಸುತ್ತಿದ್ದದ್ದು ಇದನ್ನೇ. ಹಾಳೆ ಹಾಳೆಯಾಗಿ ಏಳುತ್ತದೆ. ಕಪ್ಪಾಗಿ, ಕಡ್ಡಿ ಕಡ್ಡಿಯಾಗಿ, ಗಡಸಾಗಿ ಕಂಡರೆ ಅದು ಹಾರ್ನ್‌ಬ್ಲೆಂಡ್ ಇರಬಹುದು. ಕ್ಯಾಲ್ಸೈಟ್ ಸುಣ್ಣಕಲ್ಲಿನ ಖನಿಜ. ಗಡಸುತನ 3, ಮೊಳೆಯಲ್ಲಿ ಗೀರಿದರೆ ಗಾಯ ಬೀಳುತ್ತದೆ. ಆ ಪುಡಿಯ ಮೇಲೆ ವಿನೆಗರ್ ಹನಿಸಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಬಳಸಿ ಎಂದು ಕೆಲವರು ಹೇಳುತ್ತಾರೆ. ಬೇಡ. ವಿನೆಗರ್ ನಿಧಾನ, ಆದರೆ ಸಾಕು.

ಕಬ್ಬಿಣದ ಖನಿಜಗಳಿಗೆ ಟೈಲಿನ ಹಿಂಬದಿ ಬೇಕು. ಕಲ್ಲನ್ನು ಅದರ ಮೇಲೆ ಎಳೆಯಿರಿ. ಹೆಮಟೈಟ್ ಎಷ್ಟೇ ಕಪ್ಪಾಗಿದ್ದರೂ ಅದರ ಗೆರೆ ಕೆಂಪು. ಮ್ಯಾಗ್ನಟೈಟ್ ಕಪ್ಪು ಗೆರೆ ಬಿಡುತ್ತದೆ, ಅಯಸ್ಕಾಂತಕ್ಕೂ ಅಂಟುತ್ತದೆ.

ಹಂತ 6: ಅಗ್ನಿಶಿಲೆಗೆ ಎರಡು ಪ್ರಶ್ನೆ

ಮೊದಲನೆಯದು: ಎಲ್ಲಿ ತಣ್ಣಗಾಯಿತು? ಭೂಮಿಯೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ತಣ್ಣಗಾಗಲು ಸಾವಿರಾರು, ಲಕ್ಷಾಂತರ ವರ್ಷ ಬೇಕು. ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ಹಾಗಾಗಿ ಕಣ್ಣಿಗೆ ಕಾಣುವಷ್ಟು ದೊಡ್ಡ ಕಾಳು. ಹೊರಗೆ ಲಾವಾ ಆಗಿ ಹರಿದರೆ ಬೇಗ ಆರುತ್ತದೆ. ಕಾಳು ಲೆನ್ಸಿಗೂ ಸರಿಯಾಗಿ ಕಾಣದಷ್ಟು ಸಣ್ಣದು. ತೀರಾ ಬೇಗ ಆರಿದರೆ ಹರಳೇ ಆಗದೆ ಗಾಜಾಗುತ್ತದೆ.

ಎರಡನೆಯದು: ಸಿಲಿಕಾ ಎಷ್ಟಿದೆ? ನೂರರಲ್ಲಿ 45ರಿಂದ 52 ಭಾಗ ಇದ್ದರೆ, ಹೊರಗೆ ಹರಿದದ್ದು ಬಸಾಲ್ಟ್, ಒಳಗೆ ಆರಿದ್ದು ಗ್ಯಾಬ್ರೊ. ಸಿಲಿಕಾ ಸುಮಾರು 70ರ ಆಸುಪಾಸಿಗೆ ಹೋದರೆ, ಹೊರಗಿನದು ರಯೋಲೈಟ್, ಒಳಗಿನದು ಗ್ರಾನೈಟ್. ಮಧ್ಯದಲ್ಲಿ ಆಂಡಿಸೈಟ್, ಡಯೊರೈಟ್, ಡಾಸೈಟ್ ಮುಂತಾದವು. ಮನೆಯಲ್ಲಿ ಸಿಲಿಕಾ ಅಳೆಯಲು ಆಗುವುದಿಲ್ಲ. ಆದರೆ ಬೆಣಚಿನ ಕಾಳು ಧಾರಾಳ ಕಂಡರೆ ಸಿಲಿಕಾ ಜಾಸ್ತಿ ಎಂದು ಧೈರ್ಯವಾಗಿ ಹೇಳಬಹುದು.

ಪಾಠ ಶುರು ಮಾಡಲು ಮನೆಯ ಕಡೆಯುವ ಕಲ್ಲಿಗಿಂತ ಒಳ್ಳೆಯದು ಇಲ್ಲ. ಸಾಮಾನ್ಯವಾಗಿ ಅದು ಗ್ರಾನೈಟ್ ಜಾತಿಯದು. ಬಿಳಿ, ಬೂದು, ಕಪ್ಪು ಕಾಳುಗಳು ಕಚ್ಚಿಕೊಂಡಿರುತ್ತವೆ. ಅಷ್ಟು ವರ್ಷ ದೋಸೆಹಿಟ್ಟು ಕಡೆದರೂ ಮರಳು ಉದುರುವುದಿಲ್ಲ ಯಾಕೆ ಎಂದು ಯೋಚಿಸಿದ್ದೀರಾ? ಕಲ್ಲುಸಕ್ಕರೆಯ ಹಿಡಿತ ಅದಕ್ಕೆ ಕಾರಣ. ಎಳ್ಳುಂಡೆ ಜಾತಿಯ ಮೆತ್ತನೆ ಮರಳುಗಲ್ಲಿನಲ್ಲಿ ಕಡೆದರೆ ದೋಸೆಯಲ್ಲಿ ಮರಳು ಸಿಗುತ್ತಿತ್ತು. ಹಿಂದಿನವರು ಖನಿಜದ ಹೆಸರು ಗೊತ್ತಿಲ್ಲದೆಯೂ ಸರಿಯಾದ ಕಲ್ಲನ್ನೇ ಆರಿಸಿದ್ದರು.

ದೊಡ್ಡದಾಗಿ ನೋಡಬೇಕೆಂದರೆ ಕಾರ್ಕಳಕ್ಕೆ ಹೋಗಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಒಂದೇ ಕಲ್ಲಿನದು. ಮೂರ್ತಿಯನ್ನು ಕಣ್ತುಂಬ ನೋಡಿ, ಆಮೇಲೆ ಕಾಲ ಕೆಳಗಿನ ಪಾದೆ ನೋಡಿ. ಬಸದಿ ಹತ್ತುವ ಬಂಡೆಯ ಮೈಯಲ್ಲಿ ಬೆಣಚು ಎಲ್ಲಿ, ಫೆಲ್ಡ್‌ಸ್ಪಾರ್ ಎಲ್ಲಿ ಎಂದು ಹುಡುಕಿ. ಗೆರೆಗಳು ಕಾಣುತ್ತವೆಯೇ? ಒಂದೇ ದಿಕ್ಕಿಗೆ ಸಾಲುಗಟ್ಟಿವೆಯೇ? ಈ ಪ್ರಶ್ನೆ ಎಂಟನೇ ಹಂತದಲ್ಲಿ ಬೇಕಾಗುತ್ತದೆ. ಬೇರೆ ಕೆಲವು ಪಾದೆಗಳಲ್ಲಿ ಕಪ್ಪು ಪಟ್ಟಿಯೊಂದು ಬಂಡೆಯನ್ನು ಸೀಳಿಕೊಂಡು ಹೋದದ್ದು ಕಾಣುತ್ತದೆ. ಅದು ಡೈಕ್. ಬಂಡೆ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಅಲ್ಲೇ ಆರಿದ್ದು. ಸೀಳಿದ್ದು ಯಾವಾಗಲೂ ಸೀಳಿಸಿಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನದು. ಅಂಗಡಿಯಲ್ಲಿ 'ಬ್ಲ್ಯಾಕ್ ಗ್ರಾನೈಟ್' ಎಂದು ಮಾರುವುದು ಹೆಚ್ಚಾಗಿ ಇಂಥ ಡಾಲರೈಟ್ ಅಥವಾ ಗ್ಯಾಬ್ರೊ. ವ್ಯಾಪಾರದಲ್ಲಿ ಪಾಲಿಶ್ ಆಗುವ ಗಡಸು ಕಲ್ಲಿಗೆಲ್ಲ ಗ್ರಾನೈಟ್ ಎಂದೇ ಹೆಸರು.

ಮಲ್ಪೆಯ ದ್ವೀಪದಲ್ಲಿ ಒಂದು ಬೆಳಗ್ಗೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತೇನೆ. ಯಾಕೆಂದರೆ ಕಲ್ಲಿನ ಹುಟ್ಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮ ಕರಾವಳಿಯಲ್ಲಿ ಇನ್ನೊಂದಿಲ್ಲ. ಸೇಂಟ್ ಮೇರೀಸ್ ದ್ವೀಪಗಳಿಗೆ ಮಲ್ಪೆಯಿಂದ ಬೋಟು ಸಿಗುತ್ತದೆ. ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ. ಇಳಿದ ಕೂಡಲೇ ಕಂಬ ಕಂಬವಾಗಿ ನಿಂತ ಕಲ್ಲು ಕಾಣುತ್ತದೆ. ಯಾರೋ ಕಡಿದು ಜೋಡಿಸಿದ ಹಾಗೆ. ಆರು ಮುಖದ ಕಂಬಗಳೇ ಜಾಸ್ತಿ. ಐದು, ಏಳು ಮುಖದವೂ ಇವೆ. ನಿಂತು ಎಣಿಸಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಇದು ಆದದ್ದು ಹೀಗೆ. ದಪ್ಪನೆಯ ಲಾವಾ ಹರಿದು ನಿಂತಿತು. ಆರುವಾಗ ಹೆಚ್ಚಿನ ವಸ್ತುಗಳ ಹಾಗೆ ಅದೂ ಕುಗ್ಗಿತು. ಕುಗ್ಗಲು ಜಾಗ ಬೇಕಲ್ವಾ? ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ನೀರಾರಿದ ಗದ್ದೆಯ ಕೆಸರು ಬಿರುಕು ಬಿಟ್ಟ ಹಾಗೆ. ಎಲ್ಲ ಕಡೆಗೂ ಸಮನಾಗಿ ಎಳೆತ ಬಿದ್ದಾಗ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿಯಲ್ಲಿ ಸೇರುವುದು ಹೆಚ್ಚು. ಹಾಗೆ ಸೇರುತ್ತಾ ಹೋದರೆ ಆರು ಮುಖದ ಜಾಲ ಬರುತ್ತದೆ. ಲಾವಾ ಮೇಲಿನಿಂದ ಮತ್ತು ಬುಡದಿಂದ ಒಳಗೆ ಆರುತ್ತ ಹೋದ ಹಾಗೆ ಬಿರುಕೂ ಒಳಗಿಳಿಯಿತು, ಕಂಬವಾಯಿತು. ಕಂಬಗಳು ಯಾವಾಗಲೂ ಆರುವ ಮುಖಕ್ಕೆ ನೇರವಾಗಿ ಬೆಳೆಯುತ್ತವೆ. ಎಲ್ಲಾದರೂ ಕಂಬ ವಾಲಿದ್ದರೆ ಅಲ್ಲಿ ಆರಿದ ಮುಖ ಮಟ್ಟವಾಗಿರಲಿಲ್ಲ ಎಂದು ಊಹಿಸಬಹುದು.

ಈ ಕಲ್ಲನ್ನು ಬಸಾಲ್ಟ್ ಎಂದು ಬಹಳ ಕಡೆ ಬರೆಯುತ್ತಾರೆ. ಕಪ್ಪಾಗಿದೆ, ಕಂಬವಾಗಿದೆ, ಹಾಗಾಗಿ ಬಸಾಲ್ಟ್ ಎಂದುಕೊಳ್ಳುವುದು ಸಹಜ. ಆದರೆ ಇದರ ರಾಸಾಯನಿಕ ಪರೀಕ್ಷೆ ಮಾಡಿದವರು ಕಂಡುಕೊಂಡದ್ದು ಬೇರೆ. ಸಿಲಿಕಾ ಬಸಾಲ್ಟಿಗಿಂತ ಬಹಳ ಜಾಸ್ತಿ. ಹಾಗಾಗಿ ಇದು ಡಾಸೈಟ್, ರಯೋಲೈಟ್ ಕುಲದ ಕಲ್ಲು. ಕಂಬ ಎನ್ನುವುದು ಆರುವ ರೀತಿಯ ಗುರುತು, ಅದು ಕಲ್ಲಿನ ಜಾತಿಯ ಗುರುತಲ್ಲ. ಬಣ್ಣ ನಂಬಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಆಗ ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿಗೆ ನೆಲ ಬಿರಿದು ಲಾವಾ ಬಂತು. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಇದೆ. ಮಹಾರಾಷ್ಟ್ರದ ಕಡೆ ಕಾಣುವ ದಖನ್ ಬಸಾಲ್ಟ್ ಇದಕ್ಕಿಂತ ಈಚಿನದು, ಸುಮಾರು 6.6 ಕೋಟಿ ವರ್ಷದ್ದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ದಯವಿಟ್ಟು ಅಲ್ಲಿಂದ ಒಂದು ಚಕ್ಕೆಯನ್ನೂ ತರಬೇಡಿ. ಫೋಟೊ ತೆಗೆಯಿರಿ, ಚಿತ್ರ ಬರೆಯಿರಿ. ಒಡೆದ ಕಂಬ ಮತ್ತೆ ಬೆಳೆಯುವುದಿಲ್ಲ.

ಹಂತ 7: ಪದರು ಶಿಲೆ ದೇವರ ಕೋಣೆಯಲ್ಲೂ ಇದೆ

ನಮ್ಮ ಎರಡು ಜಿಲ್ಲೆಗಳಲ್ಲಿ ಹಳೆಯ ಪದರು ಶಿಲೆ ಹುಡುಕುವುದು ಕಷ್ಟ. ಮರಳು, ನದಿಯ ಜೇಡಿ ಬೇಕಾದಷ್ಟಿದೆ. ಆದರೆ ಅವು ಇನ್ನೂ ಕಲ್ಲಾಗಿಲ್ಲ. ನೇತ್ರಾವತಿ, ಗುರುಪುರ ನದಿಗಳ ದಡದ ಅಂಥ ಜೇಡಿಯಿಂದಲೇ ಮಂಗಳೂರಿನ ಹೆಂಚು ಬಂದದ್ದು. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು.

ಆದರೂ ಉಡುಪಿಯ ಎಷ್ಟೋ ಮನೆಗಳಲ್ಲಿ ಪದರು ಶಿಲೆ ಪೂಜೆಗೊಳ್ಳುತ್ತಿದೆ. ಸಾಲಿಗ್ರಾಮ ಬರುವುದು ನೇಪಾಳದ ಗಂಡಕಿ ನದಿಯಿಂದ. ಅದರೊಳಗಿನ ಚಕ್ರ ಅಮ್ಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರವಿತ್ತು. ಆ ಸಮುದ್ರದ ತಳದ ಕಪ್ಪು ಕೆಸರಿನಲ್ಲಿ ಹೂತ ಚಿಪ್ಪುಗಳ ಸುತ್ತ ಕೆಸರು ಗಟ್ಟಿಯಾಗಿ ಕಲ್ಲಾಯಿತು. ನನ್ನ ಅಜ್ಜಿಗೆ ಇದನ್ನು ಹೇಳಿದಾಗ ಅವರು ಸಾಲಿಗ್ರಾಮವನ್ನು ಇನ್ನಷ್ಟು ಭಕ್ತಿಯಿಂದ ಒರೆಸಿ ಇಟ್ಟರು.

ಪದರು ಶಿಲೆಯನ್ನು ಹುಟ್ಟಿನ ಪ್ರಕಾರ ಮೂರಾಗಿ ನೋಡಬಹುದು. ಒಡೆದ ಚೂರುಗಳಿಂದ ಆದದ್ದನ್ನು ಚೂರಿನ ಗಾತ್ರದ ಮೇಲೆ ಹೆಸರಿಸುತ್ತಾರೆ. 2 ಮಿಲಿಮೀಟರಿಗಿಂತ ದೊಡ್ಡ, ಗುಂಡಗಿನ ಚೂರಿದ್ದರೆ ಕಾಂಗ್ಲಾಮರೇಟ್, ಚೂಪು ಚೂರಿದ್ದರೆ ಬ್ರೆಕ್ಸಿಯಾ. 2 ಮಿ.ಮೀ.ಯಿಂದ 0.06 ಮಿ.ಮೀ.ವರೆಗೆ ಮರಳುಗಲ್ಲು. ಅದಕ್ಕಿಂತ ಸಣ್ಣದಾದರೆ ಹೂಳುಕಲ್ಲು, ಜೇಡಿಕಲ್ಲು. ಹಾಳೆಯಾಗಿ ಏಳುವ ಜೇಡಿಕಲ್ಲಿಗೆ ಶೇಲ್ ಎನ್ನುತ್ತಾರೆ. ಬಾದಾಮಿಯ ಗುಹೆಗಳು ಇರುವುದು ಮರಳುಗಲ್ಲಿನಲ್ಲಿ. ಅಲ್ಲಿಗೆ ಹೋದರೆ ಬಂಡೆಯ ಅಡ್ಡಗೆರೆಗಳನ್ನು ನೋಡಿ.

ಜೀವಿಗಳಿಂದ ಆದದ್ದು ಎರಡನೆಯದು. ಸುಣ್ಣಕಲ್ಲಿನ ಬಹುಪಾಲು ಚಿಪ್ಪು, ಹವಳಗಳ ಪುಡಿ. ನಮ್ಮಲ್ಲಿ ಹಿಂದೆ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪು ಮತ್ತು ಸುಣ್ಣಕಲ್ಲು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಆದದ್ದರಿಂದ ಇದು ಸಾಧ್ಯ. ಅಡುಗೆಮನೆ ಕಟ್ಟೆಗೆ ಹಾಕುವ ಕಡಪ ಕಲ್ಲು, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಎರಡೂ ಸುಣ್ಣಕಲ್ಲುಗಳೇ. ಲಿಂಬೆರಸ, ಹುಳಿ ಬಿದ್ದ ಜಾಗದಲ್ಲಿ ಕಡಪ ಕಲ್ಲಿನ ಹೊಳಪು ಹೋಗುವುದು ಇದೇ ಕಾರಣಕ್ಕೆ. ಗ್ರಾನೈಟ್ ಕಟ್ಟೆಗೆ ಹಾಗಾಗುವುದಿಲ್ಲ. ನೀರು ಆವಿಯಾಗಿ ಉಳಿದ ಉಪ್ಪು, ಜಿಪ್ಸಂ ಮೂರನೆಯ ಗುಂಪು.

ಹಂತ 8: ರೂಪಾಂತರ ಶಿಲೆಗೆ ಅದರ ಹಿಂದಿನ ಜನ್ಮ ಕೇಳಿ

ಈ ಕುಲದ ಕಲ್ಲಿಗೆ ಎರಡು ವಿಳಾಸ ಇರುತ್ತದೆ. ಈಗಿನದು ಮತ್ತು ಹಿಂದಿನದು. ಸುಣ್ಣಕಲ್ಲು ಬದಲಾದರೆ ಅಮೃತಶಿಲೆ. ಮರಳುಗಲ್ಲು ಬದಲಾದರೆ ಕ್ವಾರ್ಟ್ಜೈಟ್. ಇವೆರಡರಲ್ಲಿ ಗೆರೆ ಕಾಣದೆಯೂ ಇರಬಹುದು. ಮರಳುಗಲ್ಲು ಮತ್ತು ಕ್ವಾರ್ಟ್ಜೈಟ್ ನಡುವೆ ಅನುಮಾನ ಬಂದರೆ ಒಡೆದ ಮುಖ ನೋಡಿ. ಮರಳುಗಲ್ಲು ಕಾಳಿನ ಸುತ್ತ ಒಡೆಯುತ್ತದೆ, ಮುಟ್ಟಿದರೆ ತರಿ ತರಿ. ಕ್ವಾರ್ಟ್ಜೈಟ್ ಕಾಳನ್ನೇ ಸೀಳಿಕೊಂಡು ಒಡೆಯುತ್ತದೆ.

ಗೆರೆ ಇರುವವುಗಳಲ್ಲಿ ಬೇಯುವ ಮಟ್ಟದ ಮೇಲೆ ಹೆಸರು. ಜೇಡಿಕಲ್ಲು ಸ್ವಲ್ಪ ಬೆಂದರೆ ಸ್ಲೇಟು. ನಾವು ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿದ ಕಲ್ಲಿನ ಸ್ಲೇಟು ಅದೇ. ಇನ್ನೂ ಬೆಂದರೆ ಫಿಲೈಟ್, ಆಮೇಲೆ ಅಭ್ರಕ ಕಣ್ಣಿಗೆ ಕಾಣುವ ಶಿಸ್ಟ್, ಕೊನೆಗೆ ಬಿಳಿ ಪಟ್ಟಿ ಕಪ್ಪು ಪಟ್ಟಿ ಬೇರೆಯಾದ ನೈಸ್. ಗ್ರಾನೈಟ್ ಕೂಡ ಒತ್ತಡಕ್ಕೆ ಸಿಕ್ಕಿ ನೈಸ್ ಆಗಬಹುದು. ಕಾಳುಗಳು ಗ್ರಾನೈಟಿನವೇ, ಆದರೆ ಸಾಲುಗಟ್ಟಿವೆ. ಕಾರ್ಕಳದ ಬಂಡೆಯಲ್ಲಿ ಗೆರೆ ಹುಡುಕಿ ಎಂದದ್ದು ಇದಕ್ಕೆ. ನಮ್ಮ ಕರಾವಳಿಯ ತಳದಲ್ಲಿ ಬಹುಪಾಲು ಇರುವುದು ಇಂಥ ನೈಸ್. ದಕ್ಷಿಣ ಭಾರತದ ಈ ಹಳೆಯ ನೈಸ್ ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲೂ ಕಾಣುತ್ತದೆ. ವಯಸ್ಸು 300 ಕೋಟಿ ವರ್ಷಕ್ಕೂ ಮಿಕ್ಕಿದ್ದು.

ಬಳಪದ ಕಲ್ಲನ್ನೂ ಈ ಗುಂಪಿಗೆ ಸೇರಿಸಿ. ಹುಳಿ, ಸಾರು ಕುದಿಸುವ ಕಲ್ಲಿನ ಪಾತ್ರೆ ಇದರದ್ದು. ಉಗುರಿಗೇ ಗೀರು ಬೀಳುವಷ್ಟು ಮೆತ್ತಗೆ, ಯಾಕೆಂದರೆ ಅದರಲ್ಲಿರುವ ಟಾಲ್ಕ್ ಮೋಸ್ ಅಳತೆಯಲ್ಲಿ 1.

ಇನ್ನು ಕುದುರೆಮುಖ. ಅಲ್ಲಿನ ಅದಿರು ಮ್ಯಾಗ್ನಟೈಟ್ ಮತ್ತು ಬೆಣಚು ಪಟ್ಟಿ ಪಟ್ಟಿಯಾಗಿ ಸೇರಿದ ಕಲ್ಲು. ಮೊದಲು ಪ್ರಾಚೀನ ಸಮುದ್ರದ ತಳದಲ್ಲಿ ಕೂತ ಪದರು ಶಿಲೆ. ನಂತರ ರೂಪಾಂತರವಾಯಿತು. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ ಅದಿರಿನ ಪುಡಿ ನೀರಿನ ಜೊತೆ ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಆ ಜಾತಿಯ ಕಲ್ಲಿನ ಚೂರು ಸಿಕ್ಕರೆ ಅಯಸ್ಕಾಂತ ಹಿಡಿಯಿರಿ. ಟಕ್ ಎಂದು ಅಂಟುತ್ತದೆ.

ಹಂತ 9: ಮುರಕಲ್ಲನ್ನು ಎಲ್ಲಿಗೆ ಸೇರಿಸುವುದು?

ಮೂರು ಕುಲ ಕಲಿತವರು ಮುರಕಲ್ಲಿನ ಕಂಪೌಂಡ್ ಗೋಡೆಯ ಮುಂದೆ ನಿಂತು ಗೊಂದಲಕ್ಕೆ ಬೀಳುತ್ತಾರೆ. ಮುರಕಲ್ಲು ಕರಗಿ ಆರಿದ್ದಲ್ಲ, ಎಲ್ಲಿಂದಲೋ ಬಂದು ಕೂತದ್ದಲ್ಲ, ಆಳದಲ್ಲಿ ಬೆಂದದ್ದೂ ಅಲ್ಲ. ಇದ್ದಲ್ಲೇ ಇದ್ದು ಕೊಳೆತು ಉಳಿದದ್ದು. ಕೆಲವರು ಇದನ್ನು ಪದರು ಶಿಲೆಯ ಜೊತೆ ಸೇರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇರೆಯಾಗಿಯೇ ಇಡಬೇಕು. 'ಉಳಿಕೆ ಕಲ್ಲು' ಎಂದು ನಾನು ಬರೆದುಕೊಳ್ಳುತ್ತೇನೆ.

ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ. ಅದೂ ನಾಲ್ಕೇ ತಿಂಗಳಲ್ಲಿ ಬಹುಪಾಲು. ಉಳಿದ ಸಮಯ ಸುಡುವ ಬಿಸಿಲು. ಮಳೆನೀರು ಪಾದೆಯ ಬಿರುಕಿಗೆ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿ ಮಾಡುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ತೊಳೆದು ಹೋಗುತ್ತವೆ. ನಿಧಾನವಾಗಿ ಸಿಲಿಕಾ ಕೂಡ ಹೋಗುತ್ತದೆ. ಹೋಗದೆ ಹಟ ಹಿಡಿದು ಕೂರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಅಂತರ್ಜಲ ಕಬ್ಬಿಣವನ್ನು ಮೇಲಿನ ಭಾಗದಲ್ಲಿ ಗಟ್ಟಿ ಮಾಡುತ್ತದೆ. ಅಲ್ಲಿ ಮುರಕಲ್ಲು. ಕಬ್ಬಿಣ ಹೋಗಿ ಬಿಳಿ ಜೇಡಿ ಉಳಿದಲ್ಲಿ ಶೇಡಿ. ಇನ್ನೂ ಕೆಳಗೆ ಅರ್ಧ ಕೊಳೆತ ಕಲ್ಲು, ತಳದಲ್ಲಿ ಪಾದೆ. ನಮ್ಮ ಬಾವಿ ಇಷ್ಟನ್ನೂ ಒಂದೇ ಗೋಡೆಯಲ್ಲಿ ತೋರಿಸಿತ್ತು. ಬಾವಿ ಇಲ್ಲದವರು ಹೊಸದಾಗಿ ಗುಡ್ಡ ಕಡಿದ ರಸ್ತೆಬದಿ ನೋಡಬಹುದು. ಆದರೆ ಮಳೆಗಾಲದಲ್ಲಿ ಹತ್ತಿರ ಹೋಗಬೇಡಿ. ಮುರಕಲ್ಲು ನೆಟ್ಟಗೆ ನಿಲ್ಲುತ್ತದೆ, ಅದರ ಕೆಳಗಿನ ಶೇಡಿ ನೀರಿಗೆ ಜಾರುತ್ತದೆ. ಮೇಲಿನದು ಏಕಾಏಕಿ ಕುಸಿಯುವುದು ಹೀಗೆ.

ಹೊಸದಾಗಿ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ಇದರ ವಿಶೇಷ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕೇರಳದ ಅಂಗಾಡಿಪುರಂನಲ್ಲಿ ಇದನ್ನು ನೋಡಿ, 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮ ಗೋಡೆಗಳಿಂದಲೇ ಹುಟ್ಟಿದ ಹೆಸರು ಈಗ ಇಡೀ ಜಗತ್ತಿನಲ್ಲಿ ಬಳಕೆಯಲ್ಲಿದೆ.

ಹಂತ 10: ನೋಟ್‌ಬುಕ್ಕಿನಲ್ಲಿ ಬರೆಯುವ ರೀತಿ

ಹೆಸರನ್ನು ಕೊನೆಗೆ ಬರೆಯಿರಿ. ಮೊದಲು ಜಾಗ, ಆಮೇಲೆ ಅಲ್ಲಿಯದೋ ಬಂದದ್ದೋ, ಹೊಸ ಮುಖದ ಬಣ್ಣ, ಕಾಳಿನ ಗಾತ್ರ, ಕಾಳಿನ ಹಿಡಿತ, ಕಂಡ ಖನಿಜ, ಮಾಡಿದ ಪರೀಕ್ಷೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ಮನೆಯ ಬಾವಿ, ತಳ. ಅಲ್ಲಿಯದೇ. ಬೂದು ಬಣ್ಣ. ಕಾಳು 2ರಿಂದ 5 ಮಿ.ಮೀ., ಕಚ್ಚಿಕೊಂಡಿವೆ, ಸಾಲುಗಟ್ಟಿವೆ. ಬೆಣಚು, ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ. ಗಾಜು ಗೀರಿತು. ವಿನೆಗರಿಗೆ ಏನೂ ಆಗಲಿಲ್ಲ. ನೈಸ್."

ಹೆಸರಿನ ಬಗ್ಗೆ ಅನುಮಾನ ಇದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಆರು ತಿಂಗಳ ನಂತರ ಅದೇ ಕಲ್ಲು ಮತ್ತೆ ನೋಡಿದಾಗ ಉತ್ತರ ಸಿಗುವುದುಂಟು.

ಇಟ್ಟುಕೊಳ್ಳುವ ಚೂರು ಮುಷ್ಟಿಯಷ್ಟಿದ್ದರೆ ಸಾಕು. ಅದರ ಮೂಲೆಯಲ್ಲಿ ವೈಟ್ನರ್ ಹಚ್ಚಿ, ಒಣಗಿದ ಮೇಲೆ ಪೆನ್ನಿನಿಂದ ನಂಬರ್ ಬರೆಯಿರಿ. ಅದೇ ನಂಬರ್ ಪುಸ್ತಕದಲ್ಲೂ ಇರಲಿ. ಚೀಟಿ ಅಂಟಿಸಬೇಡಿ. ನಮ್ಮೂರಿನ ಒಂದು ಮಳೆಗಾಲಕ್ಕೆ ಚೀಟಿ ಬೂಸ್ಟು ಹಿಡಿದು ಉದುರುತ್ತದೆ. ಎಲ್ಲಿಯದೆಂದು ಗೊತ್ತಿಲ್ಲದ ಕಲ್ಲಿನ ಅರ್ಧ ಕಥೆ ಅಲ್ಲಿಗೇ ಹೋಗಿಬಿಡುತ್ತದೆ.